ಪಿಕಪ್ ಕಳೆದುಕೊಂಡ ಕಾರಿಗೆ ಪವರ್ ಮಾರುವವರು

ದೆಹಲಿಯಲ್ಲಿ ಹಳೆಯ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ: 'ಗಾಡಿ ಉಠ್ ನಹೀ ರಹೀ.' ಗಾಡಿ ಏಳುತ್ತಿಲ್ಲ. ಬೆಂಗಳೂರಿನಲ್ಲಿ ನಾವು 'ಪಿಕಪ್ ಇಲ್ಲ' ಅನ್ನುತ್ತೇವೆ. ಹುಬ್ಬಳ್ಳಿ ಕಡೆ 'ಜಗ್ಗವಲ್ದು' ಅಂದಾರು. ಘಾಟಿ ಹತ್ತಿಸಿ ರೂಢಿಯಿರುವವರು 'ದಮ್ಮಿಲ್ಲ' ಅನ್ನುತ್ತಾರೆ. ಈ ಮಾತುಗಳನ್ನು ಸ್ವಲ್ಪ ಗಮನಿಸಿ. ಎಲ್ಲವೂ ನಿಷೇಧಾರ್ಥಕ. ಮೊದಲು ಏಳುತ್ತಿದ್ದದ್ದು ಈಗ ಏಳುತ್ತಿಲ್ಲ, ಮೊದಲು ಇದ್ದ ದಮ್ಮು ಈಗಿಲ್ಲ. ನಷ್ಟದ ಮಾತುಗಳು ಇವು. ಹೀಗೆ ದೂರು ಹೇಳುವವರು ಯಾರೂ 'ನನಗೆ ಇನ್ನಷ್ಟು ಪವರ್ ಬೇಕು' ಎಂದು ಶುರುಮಾಡುವುದಿಲ್ಲ.

ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಪದ ಬದಲಾಗುತ್ತದೆ. ಅಲ್ಲಿ ಪಿಕಪ್ ಇಲ್ಲ, ಪವರ್ ಇದೆ: ಪವರ್ ಫಿಲ್ಟರ್, ಪವರ್ ಚಿಪ್, ಪವರ್ ಪೈಪ್, ಬಾಟಲಿಯಲ್ಲಿ ಪವರ್. ಕಳೆದದ್ದನ್ನು ಹುಡುಕಲು ಹೋದವರಿಗೆ ಹೊಸದೊಂದನ್ನು ಮಾರಿ ಕಳಿಸುವ ವ್ಯಾಪಾರ ಇದು. ನನ್ನ ತಕರಾರು ಈ ವ್ಯಾಪಾರದ ಜೊತೆ ಇದೆ. ಅದಕ್ಕಿಂತ ಹೆಚ್ಚಿನ ತಕರಾರು, ಈ ವ್ಯಾಪಾರವನ್ನೇ ಲಾಭದಾಯಕವಾಗಿಸಿ, ಕಾರನ್ನು ನಿಜವಾಗಿ ರಿಪೇರಿ ಮಾಡಿಸುವವರನ್ನು ಪೆದ್ದರನ್ನಾಗಿ ಮಾಡಿರುವ ಈ ಊರಿನ ನಿಯಮದ ಜೊತೆ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಭಾಷಾಶಾಸ್ತ್ರ ಓದಿದವರ ಚಟ ಎಂದುಕೊಳ್ಳಿ, ಆದರೆ ಇಲ್ಲಿ ಇಡೀ ಮೋಸ ಇರುವುದೇ ಪದದಲ್ಲಿ. ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಎಷ್ಟು ಬಲವಾಗಿ ಎಳೆಯುತ್ತೀರಿ ಎಂಬುದು ಟಾರ್ಕ್ ಇದ್ದಂತೆ. ಎಷ್ಟು ಬಲವಾಗಿ, ಜೊತೆಗೆ ಎಷ್ಟು ಬೇಗಬೇಗ ಎಳೆಯುತ್ತೀರಿ ಎಂಬ ಎರಡನ್ನೂ ಗುಣಿಸಿದರೆ ಪವರ್. ಕಾರಿನ ಕರಪತ್ರದಲ್ಲಿ '85 ಬಿಎಚ್‌ಪಿ, 6000 ಆರ್‌ಪಿಎಂ' ಎಂದಿದ್ದರೆ, ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತ ಕಿರುಚುವಾಗ ಮಾತ್ರ ಆ 85 ಇರುತ್ತದೆ ಎಂದರ್ಥ. ದೆಹಲಿಯ ರಿಂಗ್ ರೋಡಿನಲ್ಲಿ, ಗುರುಗ್ರಾಮದ ಇಫ್ಕೋ ಚೌಕದಲ್ಲಿ, ನೋಯ್ಡಾದ ಸಿಗ್ನಲ್‌ಗಳಲ್ಲಿ ನಿಮ್ಮ ಮುಳ್ಳು 1500ರಿಂದ 3000ದ ನಡುವೆ ಓಡಾಡಿಕೊಂಡಿರುತ್ತದೆ. ನಾವು ಪಿಕಪ್ ಅನ್ನುವುದು ಆ ಜಾಗದ ಎಳೆತವನ್ನು. 6000ದ ಹತ್ತಿರ ಇನ್ನೂ ಐದು ಕುದುರೆ ಕಟ್ಟಿಕೊಟ್ಟರೆ ಅವು ವರ್ಷಕ್ಕೆ ಎರಡು ಸಲ ಕೆಲಸಕ್ಕೆ ಬರಬಹುದು.

ಹಾಗಾದರೆ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ನಿನಿಂದ ಹೆಚ್ಚು ಪವರ್ ತೆಗೆಯಲು ಸಾಧ್ಯವೇ ಇಲ್ಲವೆ? ಖಂಡಿತ ಸಾಧ್ಯ. ಹೇಗೆ ಎಂಬುದಕ್ಕೆ ನಮ್ಮ ದೇಶದ ಒಳ್ಳೆಯ ಉದಾಹರಣೆ ಇಲ್ಲೇ ಗುರುಗ್ರಾಮದಲ್ಲಿ ತಯಾರಾದದ್ದು. ಮಾರುತಿ 1000 ಕಾರು 1990ರಲ್ಲಿ ಬಂದಾಗ ಅದರ 970 ಸಿಸಿ ಎಂಜಿನ್ನಿಗೆ 46 ಬಿಎಚ್‌ಪಿ. ಉದ್ದ ಕಾರು, ಬಡಪಾಯಿ ಎಂಜಿನ್. 1994ರಲ್ಲಿ ಅದೇ ದೇಹಕ್ಕೆ 1298 ಸಿಸಿ ಎಂಜಿನ್ ಹಾಕಿ ಎಸ್ಟೀಮ್ ಎಂದು ಹೆಸರಿಟ್ಟರು, 65 ಬಿಎಚ್‌ಪಿ. ಮುಂದಿನ ಹೆಜ್ಜೆ ಸ್ವಾರಸ್ಯದ್ದು. 1999ರಲ್ಲಿ ಅದೇ 1298 ಸಿಸಿ 85 ಬಿಎಚ್‌ಪಿ ಕೊಡತೊಡಗಿತು. ಸಿಲಿಂಡರ್ ದೊಡ್ಡದಾಗಲಿಲ್ಲ, ಟರ್ಬೊ ಬರಲಿಲ್ಲ, ಇಪ್ಪತ್ತು ಕುದುರೆ ಹೆಚ್ಚಾದವು. ಜಿಪ್ಸಿಯಲ್ಲೂ ಇದೇ ಆಯಿತು, 60 ಇದ್ದದ್ದು 80 ಆಯಿತು. ಪುಟ್ಟ ಝೆನ್‌ನ 993 ಸಿಸಿ ಎಂಜಿನ್ 50ರಿಂದ 60ಕ್ಕೆ ಏರಿತು.

ಏನು ಮಾಡಿದರು? ಎಂಜಿನ್ನಿಗೆ ಉಸಿರಾಡಲು ಕಲಿಸಿದರು. ಒಂದು ಸಿಲಿಂಡರಿಗೆ ಎರಡಿದ್ದ ವಾಲ್ವ್ ನಾಲ್ಕಾದವು. ಕಾರ್ಬ್ಯುರೇಟರ್ ಹೋಗಿ ಪ್ರತಿ ಸಿಲಿಂಡರಿಗೂ ಅಳೆದು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಂತು. ಪೆಟ್ರೋಲ್ ಎಂಜಿನ್ ಎಂದರೆ ಮೂಲತಃ ಗಾಳಿಯ ಪಂಪು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು, ಗಾಳಿಯನ್ನು ಹಾಗೆ ಸುರಿಯಲಾಗದು. 1298 ಸಿಸಿ ಎಂಜಿನ್ 6000 ಆರ್‌ಪಿಎಂನಲ್ಲಿ ಪೂರ್ತಿ ಉಸಿರೆಳೆದರೆ ನಿಮಿಷಕ್ಕೆ ಸುಮಾರು 3,900 ಲೀಟರ್ ಗಾಳಿ ನುಂಗಬೇಕು. ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕುಗಳು ನಾಲ್ಕು, ಒಂದೇ ನಿಮಿಷದಲ್ಲಿ, ಬೆರಳಿನಷ್ಟು ಸಂದಿಗಳ ಮೂಲಕ. ಆ ಸಂದಿಗಳನ್ನು ಹಿಗ್ಗಿಸಿದ್ದಕ್ಕೆ ಸಿಕ್ಕ ಇಪ್ಪತ್ತು ಕುದುರೆಗಳಿವು.

ಇದು ಆ ವರ್ಷವೇ ಯಾಕಾಯಿತು ಎಂಬುದನ್ನು ಪವರ್ ಮಾರುವವರೂ ಹೇಳುವುದಿಲ್ಲ, ಹೊಗೆ ನಿಯಮ ಬರೆಯುವವರೂ ನೆನಪಿಟ್ಟುಕೊಂಡಂತಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರ ಏಪ್ರಿಲ್ 29ರಂದು ಕೊಟ್ಟ ಆದೇಶದ ಪ್ರಕಾರ ದೆಹಲಿ ರಾಜಧಾನಿ ವಲಯದಲ್ಲಿ ನೋಂದಣಿಯಾಗುವ ಖಾಸಗಿ ಕಾರುಗಳು ಅದೇ ಜೂನ್ 1ರಿಂದ ಯೂರೋ-1, ಮರು ಏಪ್ರಿಲ್ 1ರಿಂದ ಯೂರೋ-2 ಮಟ್ಟ ಮುಟ್ಟಬೇಕಿತ್ತು. ಕಾರ್ಬ್ಯುರೇಟರ್ ಇಟ್ಟುಕೊಂಡು ಅದನ್ನು ಮುಟ್ಟುವುದು ಬಲು ಕಷ್ಟ. ಇಂಜೆಕ್ಷನ್ ಬಂತು, ಅದರ ಜೊತೆಗೆ ಹೊಸ ಸಿಲಿಂಡರ್ ಹೆಡ್ ಬಂತು. ಹೊಗೆಯ ನಿಯಮ ಬಿಗಿಯಾದ ಹೊತ್ತಿಗೇ ಕಾರಿನ ಪವರ್ ಕಾಲುಭಾಗಕ್ಕಿಂತ ಹೆಚ್ಚು ಏರಿತು. 'ಪೊಲ್ಯೂಷನ್ ಸೆಟ್ಟಿಂಗ್ ಮಾಡಿದ್ರೆ ಪಿಕಪ್ ಹೋಗುತ್ತೆ' ಎಂದು ಇಂದಿಗೂ ಮೆಕ್ಯಾನಿಕ್‌ಗಳು ಹೇಳುವ ಮಾತು ಕಾರ್ಬ್ಯುರೇಟರ್ ಕಾಲದ ಸ್ಕ್ರೂಡ್ರೈವರಿನ ನೆನಪು, ಅಷ್ಟೇ. ಹಾಕಿದ ಪೆಟ್ರೋಲು ಸಿಲಿಂಡರಿನ ಒಳಗೇ, ಸರಿಯಾದ ಗಳಿಗೆಯಲ್ಲಿ, ಪೂರ್ತಿ ಉರಿಯಬೇಕು ಎಂಬುದರಲ್ಲಿ ಚಾಲಕರಿಗೂ ಪಕ್ಕದ ಫುಟ್‌ಪಾತಿನಲ್ಲಿ ನಡೆಯುವವರಿಗೂ ಜಗಳವಿಲ್ಲ.

ಈಗ ಬಜಾರಿಗೆ ಬನ್ನಿ. ಕಾರಿನ ಅಲಂಕಾರಕ್ಕೆ ಕರೋಲ್ ಬಾಗ್, ಬಿಡಿಭಾಗಗಳಿಗೆ ಕಶ್ಮೀರಿ ಗೇಟ್, ಹಳೆಯ ಎಂಜಿನ್ನುಗಳಿಗೆ ಮಾಯಾಪುರಿ ಎಂದು ಈ ಊರು ಬಹಳ ಕಾಲದಿಂದ ಹಂಚಿಕೊಂಡಿತ್ತು. ಈಗ ಎಲ್ಲವೂ ಮೊಬೈಲಿನಲ್ಲೂ ಸಿಗುತ್ತದೆ.

ಮೊದಲ ಸರಕು ಕೋನ್ ಫಿಲ್ಟರ್. ಕಾರ್ಖಾನೆಯ ಕಪ್ಪು ಡಬ್ಬಿ ಕಿತ್ತು ಬಾನೆಟ್ ಒಳಗೆ ಬತ್ತಲೆ ಫಿಲ್ಟರ್ ಕೂರಿಸುತ್ತಾರೆ. ಆ ಕಪ್ಪು ಡಬ್ಬಿಯ ಮೂಗು ಎಂಜಿನ್ನಿನ ಬಿಸಿಯಿಂದ ದೂರ, ಹೊರಗಿನ ಗಾಳಿಗೆ ಮುಖಮಾಡಿ ಇರುತ್ತದೆ. ಬತ್ತಲೆ ಫಿಲ್ಟರ್ ಎಳೆಯುವುದು ಬಾನೆಟ್ಟಿನ ಒಳಗಿನ ಗಾಳಿಯನ್ನು. ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇಕಡಾ 1ರಷ್ಟು ಇಳಿಯುತ್ತದೆ. ಮೇ ತಿಂಗಳ ದೆಹಲಿಯಲ್ಲಿ ಹೊರಗೆ 45 ಡಿಗ್ರಿ, ಬಾನೆಟ್ಟಿನ ಒಳಗೆ 65 ಎಂದಿಟ್ಟುಕೊಳ್ಳಿ: ಶೇಕಡಾ 6ರಷ್ಟು ಗಾಳಿ ಅಲ್ಲೇ ಹೋಯಿತು. ದುಡ್ಡು ಕೊಟ್ಟು ಪವರ್ ಕಳೆದುಕೊಂಡಂತಾಯಿತು. ಆದರೂ ಕೊಂಡವರು ಖುಷಿಯಾಗಿರುತ್ತಾರೆ, ಯಾಕೆಂದರೆ ಡಬ್ಬಿ ಹೋದದ್ದರಿಂದ ಎಂಜಿನ್ ಗುಟುರು ಹಾಕುತ್ತದೆ. ಕಿವಿಗೆ ಅದು ವೇಗದಂತೆ ಕೇಳುತ್ತದೆ. ಪೈಪಿನ ಕತೆಯೂ ಇದೇ.

ಎರಡನೆಯದು 'ಚಿಪ್'. ಅಗ್ಗದ ಚಿಪ್ಪಿನ ಡಬ್ಬಿ ಒಡೆದರೆ ಒಳಗೆ ಐದು ರೂಪಾಯಿಯ ರೆಸಿಸ್ಟರ್ ಸಿಗುತ್ತದೆ. ಒಳಬರುವ ಗಾಳಿ ಇರುವುದಕ್ಕಿಂತ ತಣ್ಣಗಿದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಸೈಲೆನ್ಸರಿನ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ 'ಜಾಸ್ತಿಯಾಯಿತು' ಎಂದು ವರದಿ ಕೊಡುತ್ತದೆ. ಕಂಪ್ಯೂಟರ್ ಮತ್ತೆ ಇಳಿಸುತ್ತದೆ. ಕಾರಿನೊಳಗೇ ನಡೆಯುವ ಈ ವಾಗ್ವಾದಕ್ಕೆ ನೀವು ಕೊಟ್ಟದ್ದು ಮೂರು ಸಾವಿರ. ಇದಕ್ಕಿಂತ ಮೇಲ್ದರ್ಜೆಯ ರೀಮ್ಯಾಪ್ ಮಾಡುವವರು ಬೇರೆ ಇದ್ದಾರೆ, ಅವರಲ್ಲಿ ಕೆಲಸ ಬಲ್ಲವರೂ ಇದ್ದಾರೆ. ಆದರೆ ಅವರು ತೋರಿಸುವ ಶೇಕಡಾ 25ರ ಏರಿಕೆಗಳು ಟರ್ಬೊ ಇರುವ ಎಂಜಿನ್ನಿನವು. ಅಲ್ಲಿ ಗಾಳಿಯ ಒತ್ತಡವನ್ನೇ ಏರಿಸಬಹುದು. ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಕಾರಿಗೆ ಬರೀ ಕಂಪ್ಯೂಟರ್ ತಿದ್ದಿದರೆ ಸಿಗುವುದು ಕೆಲವೇ ಶೇಕಡಾ, ಅದೂ ಎಂಜಿನ್ ಆರೋಗ್ಯವಾಗಿದ್ದರೆ.

ಇಲ್ಲೊಂದು ಅಡ್ಡಮಾತು. ನಾನು ಹೊಟ್ಟೆಪಾಡಿಗೆ ಅನುವಾದ ಮಾಡುತ್ತೇನೆ. ಇಂಥದೇ ಒಂದು ಬಾಟಲಿಯ ಕರಪತ್ರ ಕನ್ನಡಕ್ಕೆ ಮಾಡಿಕೊಡಿ ಎಂದು ಒಮ್ಮೆ ಬಂದಿತ್ತು. ಮೂಲದಲ್ಲಿ ಪವರ್ ಇಷ್ಟು ಶೇಕಡಾದ 'ವರೆಗೆ' ಹೆಚ್ಚುತ್ತದೆ ಎಂದಿತ್ತು. ನಾನೂ 'ವರೆಗೆ' ಎಂದೇ ಬರೆದೆ. ಸಂಖ್ಯೆಯ ಪಕ್ಕದಲ್ಲಿ ಅದು ಚೆನ್ನಾಗಿ ಕಾಣುತ್ತಿಲ್ಲ, ತೆಗೆಯಬಹುದೇ ಎಂದು ಕೇಳಿದರು. ತೆಗೆಯಲಾಗದು ಎಂದೆ. ಆ ಪ್ರತ್ಯಯ ಇದ್ದರೆ ಸೊನ್ನೆಯೂ ಸತ್ಯ, ಇಲ್ಲದಿದ್ದರೆ ಅದು ವಾಗ್ದಾನ. ಅವರಿಗೂ ಅದು ಗೊತ್ತಿತ್ತು, ಅದಕ್ಕೇ ಕೇಳಿದ್ದು. ಕೆಲಸ ಬೇರೆಯವರಿಗೆ ಹೋಯಿತು.

ಮೂರನೆಯ ಸರಕಿನ ಬಗ್ಗೆ ನನಗೆ ತಮಾಷೆ ಮಾಡಲು ಮನಸ್ಸಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ನೇರ ಪೈಪ್ ಬೆಸೆಯುವುದು. ದೆಹಲಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಭಾಗ ಇದು. ಒಳಗಿನ ಜೇನುಗೂಡಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬಳಿದಿರುತ್ತಾರೆ, ಹಾಗಾಗಿ ಕಿತ್ತದ್ದಕ್ಕೆ ಗುಜರಿಯಲ್ಲಿ ಬೇರೆಯೇ ಬೆಲೆ. 'ಉಸಿರು ಕಟ್ಟುತ್ತೆ, ತೆಗೆಸಿಬಿಡಿ' ಎಂದು ಸಲಹೆ ಕೊಡುವವರೇ ಎಷ್ಟೋ ಸಲ ಅದನ್ನು ಕೊಂಡೊಯ್ಯುತ್ತಾರೆ. ಆರೋಗ್ಯವಾಗಿರುವ ಕನ್ವರ್ಟರ್ ತೆಗೆದರೆ ಒಂದೆರಡು ಕುದುರೆ ಸಿಕ್ಕಾವು; ಅದರ ಬದಲಿಗೆ ಇಂಗಾಲದ ಮಾನಾಕ್ಸೈಡು, ಅರೆಬೆಂದ ಪೆಟ್ರೋಲು, ಸಾರಜನಕದ ಆಕ್ಸೈಡುಗಳೆಲ್ಲ ತೊಳೆಯದೆ ಹೊರಬರುತ್ತವೆ. ಕಟ್ಟಿಕೊಂಡ ಕನ್ವರ್ಟರ್ ನಿಜಕ್ಕೂ ಪಿಕಪ್ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಅದು ಕಟ್ಟಿಕೊಂಡದ್ದು ಯಾಕೆ ಎಂದು ಕೇಳಬೇಕು. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಹಸಿ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದಾಗ ಜೇನುಗೂಡು ಕರಗುತ್ತದೆ. ರೋಗ ಎಂಜಿನ್ನಿನಲ್ಲಿ, ಆಪರೇಷನ್ ಪೈಪಿಗೆ.

ನಿಜವಾದ ಟ್ಯೂನಿಂಗ್ ಗೊತ್ತಿರುವವರಿಗೆ ನಾನು ಅನ್ಯಾಯ ಮಾಡಬಾರದು. ಕ್ಯಾಮ್‌ಶಾಫ್ಟ್ ಬದಲಿಸಿ, ಹೆಡ್ಡಿನ ದಾರಿಗಳನ್ನು ಕೈಯಲ್ಲಿ ನುಣುಪು ಮಾಡಿ, ಕಂಪ್ರೆಷನ್ ಏರಿಸಿ, ನಾಲ್ಕೂ ಎಕ್ಸಾಸ್ಟ್ ಪೈಪುಗಳ ಉದ್ದ ಲೆಕ್ಕಹಾಕಿ ಜೋಡಿಸಿ, ರೋಲರ್ ಮೇಲೆ ಓಡಿಸಿ ಅಳೆದು, ಮತ್ತೆ ತಿದ್ದಿ, ಹೀಗೆ ಜಿಪ್ಸಿ, ಎಸ್ಟೀಮ್, ಮೊದಲ ತಲೆಮಾರಿನ ಹೋಂಡಾ ಸಿಟಿಗಳಿಗೆ ದೇಶದ ರ‍್ಯಾಲಿಗಳಲ್ಲಿ ಜೀವ ತುಂಬಿದವರಿದ್ದಾರೆ. ಗ್ರೇಟರ್ ನೋಯ್ಡಾದಲ್ಲಿ ತಯಾರಾಗುತ್ತಿದ್ದ ಆ ಸಿಟಿಯ 1.5 ಲೀಟರಿನ ವಿಟೆಕ್ ಎಂಜಿನ್ ಕಾರ್ಖಾನೆಯಿಂದಲೇ 106 ಬಿಎಚ್‌ಪಿ ಕೊಡುತ್ತಿತ್ತು. ಅದರ ಮೇಲೆ ಕೈಯಾಡಿಸಿದವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಅದು ಲಕ್ಷಗಳ ಲೆಕ್ಕದ ಕೆಲಸ, ರೇಸಿನ ಕೆಲಸ. ರಸ್ತೆಯ ಕಾರಿಗೆ ಕಾನೂನೂ ಅಡ್ಡ ಬರುತ್ತದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದನ್ನು ಬಲ್ಲವರು ತಮ್ಮ ಆಟವನ್ನು ಟ್ರ್ಯಾಕಿನಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನ ಮಾತು ಉಳಿದ ನಮ್ಮಂಥವರ ಬಗ್ಗೆ, ಫ್ಲೈಓವರ್ ಹತ್ತುವಾಗ ಹಿಂದಿನ ಲಾರಿಯಿಂದ ಹಾರ್ನ್ ತಿನ್ನುವವರ ಬಗ್ಗೆ.

ನಮಗೆ ಬೇಕಾದ ಕುದುರೆಗಳು ಹೊಸವಲ್ಲ, ಲಾಯದಿಂದ ತಪ್ಪಿಸಿಕೊಂಡವು. ಎಲ್ಲಿ ಹೋದವು ಎಂದು ಹುಡುಕಲು ಒಂದು ಗೇಜು ಸಾಕು. ಎಂಜಿನ್ ಬಿಸಿಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಇಂಜೆಕ್ಟರಿನ ವೈರು ಕಳಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜು ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ಹೊಡೆಯಬೇಕು. ಎಸ್ಟೀಮ್, ಜಿಪ್ಸಿಗಳ ಸುಝುಕಿ ಎಂಜಿನ್ನಿಗೆ ಚದರ ಸೆಂಟಿಮೀಟರಿಗೆ 14 ಕೆಜಿ ಒಳ್ಳೆಯ ಅಂಕ, 12 ಕನಿಷ್ಠ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಇಷ್ಟು ಸರಳವಾಗಿ ಉತ್ತರ ಕೊಡುವ ಪರೀಕ್ಷೆ ಮನುಷ್ಯರ ವೈದ್ಯದಲ್ಲೂ ಅಪರೂಪ. ಪವರ್ ಮಾರುವ ಎಷ್ಟು ಅಂಗಡಿಗಳಲ್ಲಿ ಈ ಗೇಜು ಇದೆ ಎಂದು ಕೇಳಿ ನೋಡಿ.

ದೆಹಲಿ ವಲಯದ ಕಾರುಗಳಿಗೆ ವಾಲ್ವಿನ ರೋಗ ವಿಶೇಷವಾಗಿ ಬರುತ್ತದೆ, ಸಿಎನ್‌ಜಿಯ ಕಾರಣದಿಂದ. ಈ ಅನಿಲ ಸಿಲಿಂಡರಿನೊಳಗೆ ಗಾಳಿ ಕೂರಬೇಕಾದ ಜಾಗದ ಸುಮಾರು ಹತ್ತನೇ ಒಂದು ಪಾಲನ್ನು ತಾನೇ ತುಂಬಿಕೊಳ್ಳುತ್ತದೆ, ಪವರ್ ಅಷ್ಟು ಇಳಿಯುತ್ತದೆ. ಅದು ಗೊತ್ತಿದ್ದೇ ಒಪ್ಪಿಕೊಂಡ ವಿಷಯ. ಗೊತ್ತಾಗದೆ ನಡೆಯುವುದು ಇನ್ನೊಂದಿದೆ. ದ್ರವ ಪೆಟ್ರೋಲಿನ ತಂಪು ಇಲ್ಲದೆ ಒಣ ಉರಿಯಲ್ಲಿ ವಾಲ್ವಿನ ಸೀಟು ಸವೆದು ತಗ್ಗುತ್ತದೆ, ಟ್ಯಾಪೆಟ್ ಸಂದು ಮುಚ್ಚಿಕೊಳ್ಳುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ಮಾರುವಾಗ ಸಿಲಿಂಡರ್ ಬಿಚ್ಚಿ 'ಪೆಟ್ರೋಲ್ ಗಾಡಿ' ಎಂದು ಮಾರುತ್ತಾರೆ. ಸುಟ್ಟ ವಾಲ್ವ್ ಹಾಗೇ ಹೋಗುತ್ತದೆ.

ನಾನು ಗುರುಗ್ರಾಮದಲ್ಲಿ ಓಡಿಸುವ 2011ರ ಹ್ಯಾಚ್‌ಬ್ಯಾಕ್ ಇಂಥದೇ. ಮೂರನೆಯ ಕೈ. ಡಿಕ್ಕಿಯಲ್ಲಿ ಬೋಲ್ಟಿನ ತೂತುಗಳು ಸಿಎನ್‌ಜಿ ಟ್ಯಾಂಕಿನ ಸಾಕ್ಷಿ ಹೇಳುತ್ತಿದ್ದವು. ಗೇಜು ಹಾಕಿದಾಗ ಮೂರು ಸಿಲಿಂಡರುಗಳಲ್ಲಿ 13ರ ಆಸುಪಾಸು, ಮೂರನೆಯದರಲ್ಲಿ 9. ಆಯಿಲ್ ಹಾಕಿದರೂ 9. ಹೆಡ್ ಇಳಿಸಿದಾಗ ಎಕ್ಸಾಸ್ಟ್ ವಾಲ್ವಿನ ಒಂದು ಅಂಚು ಕಚ್ಚಿದ ಬಿಸ್ಕತ್ತಿನಂತಿತ್ತು. ವಾಲ್ವ್, ಸೀಟು, ಗ್ಯಾಸ್ಕೆಟ್, ಲೇತ್ ಕೆಲಸ, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಒಳಗೆ ಮುಗಿಯಿತು. ಜೊತೆಗೆ ಹಿಂದಿನವರು ಕಿತ್ತೆಸೆದಿದ್ದ ಥರ್ಮೋಸ್ಟಾಟ್ ಮತ್ತೆ ಬಂತು. 'ಗಾಡಿ ಬಿಸಿಯಾಗುತ್ತೆ' ಎಂದು ಅದನ್ನು ತೆಗೆಯುವುದು ನಮ್ಮ ದೇಶದ ಉದ್ದಗಲದ ಪಿಡುಗು. ತೆಗೆದ ಮೇಲೆ ಎಂಜಿನ್ ಸದಾ ತಣ್ಣಗಿರುತ್ತದೆ, ಕಂಪ್ಯೂಟರ್ ಸದಾ ಚಳಿಗಾಲದ ಬೆಳಗು ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಹಿಡಿದುಕೊಂಡಿದ್ದ ಹಿಂದಿನ ಬ್ರೇಕೂ ಸಡಿಲವಾಯಿತು. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಭಾನುವಾರ ಬೆಳಗ್ಗೆ, ಪಕ್ಕದಲ್ಲಿ ಕೂತ ಗೆಳತಿ ಫೋನಿನಲ್ಲಿ ಸಮಯ ನೋಡುತ್ತಿರಲು, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಮೊದಲು ಹನ್ನೆರಡು ಸೆಕೆಂಡು ಹಿಡಿಯುತ್ತಿದ್ದದ್ದು ಒಂಬತ್ತಕ್ಕೆ ಇಳಿಯಿತು. ರಸ್ತೆಯ ಆ ತುಣುಕು ಸಮತಟ್ಟು, ಎರಡೂ ದಿಕ್ಕಿನಲ್ಲಿ ಅಳೆದದ್ದು. ಕಾರಿಗೆ ಹೊಸದಾಗಿ ಏನನ್ನೂ ಸೇರಿಸಿರಲಿಲ್ಲ.

ಆದರೆ ಆ ಹೆಡ್ ಬಿಚ್ಚಿಸಲು ನಾನು ಮೂರು ಗ್ಯಾರೇಜು ಸುತ್ತಬೇಕಾಯಿತು. ಮೊದಲ ಗ್ಯಾರೇಜಿನ ಉಸ್ತಾದರು ಕಳಕಳಿಯಿಂದಲೇ ಹೇಳಿದರು: 'ಮೇಡಂಜೀ, ಇದಕ್ಕಿನ್ನೆಷ್ಟು ವರ್ಷ ಉಳಿದಿದೆ? ಹೆಡ್ಡಿಗೆ ಯಾಕೆ ದುಡ್ಡು ಹಾಕ್ತೀರಿ? ಒಂದು ಪೈಪ್ ಹಾಕಿಸಿ, ಸ್ವಲ್ಪ ಖುಷಿಯಾಗಿ ಓಡಿಸಿ, ಆಮೇಲೆ ತೆಗೆದುಬಿಡಿ.' ಅವರ ಗಣಿತದಲ್ಲಿ ತಪ್ಪಿರಲಿಲ್ಲ. ಆ ಗಣಿತವನ್ನು ಅವರಿಗೆ ಕಲಿಸಿದ್ದು ನಿಯಮ.

ನಿಯಮದ ಕತೆ ಚಿಕ್ಕದಾಗಿ ಇಷ್ಟು. ಹದಿನೈದು ವರ್ಷ ದಾಟಿದ ವಾಹನ ದೆಹಲಿಯ ರಸ್ತೆಗಿಳಿಯಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಹೇಳಿತು, ಡೀಸೆಲಿಗೆ ಹತ್ತೇ ವರ್ಷ ಎಂದು 2015ರಲ್ಲಿ ಸೇರಿಸಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. 2025ರ ಜುಲೈ 1ರಂದು ವಯಸ್ಸು ಮೀರಿದ ಕಾರಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದು ಎಂದು ಕ್ಯಾಮೆರಾ ಕೂರಿಸಿದರು. ಜನ ರೊಚ್ಚಿಗೆದ್ದರು, ಒಂದೇ ವಾರದೊಳಗೆ ಅದು ಮುಂದಕ್ಕೆ ಹೋಯಿತು. ಆಗಸ್ಟ್ 12ರಂದು ಕೋರ್ಟು ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ಕಾರುಗಳಿಗೆ ಮಾತ್ರ ಉಳಿಸಿತು. ನನ್ನ ಕಾರು ಬಿಎಸ್-4, ಸದ್ಯಕ್ಕೆ ಬಚಾವು. ದೇಶದ ಉಳಿದ ಕಡೆ ಕಾಯ್ದೆ ಬೇರೆಯೇ ಹೇಳುತ್ತದೆ: ನೋಂದಣಿಗೆ 15 ವರ್ಷ, ಆಮೇಲೆ ಪರೀಕ್ಷಿಸಿ ಐದೈದು ವರ್ಷಕ್ಕೆ ನವೀಕರಣ. ಮೈಸೂರಿನಲ್ಲಿ ನವೀಕರಣ ಪಡೆದು ಓಡಾಡುವ ಕಾರು ಇಲ್ಲಿ ಗುಜರಿ.

ಈ ನಿಯಮದ ಕೆಟ್ಟ ಫಲ ಸಾವಿನ ದಿನಾಂಕದಲ್ಲಿಲ್ಲ, ಅದಕ್ಕೆ ಮುಂಚಿನ ಮೂರು ನಾಲ್ಕು ವರ್ಷಗಳಲ್ಲಿದೆ ಎಂಬುದು ನನ್ನ ವಾದ. ದಿನಾಂಕ ಗೊತ್ತಿರುವ ಕಾರಿಗೆ ಯಾರೂ ವಾಲ್ವ್ ಹಾಕಿಸುವುದಿಲ್ಲ. ಹೊಸ ಕನ್ವರ್ಟರಂತೂ ಕನಸು. ಆಕ್ಸಿಜನ್ ಸೆನ್ಸರ್ ಸತ್ತರೆ ದೀಪದ ಮೇಲೆ ಕಪ್ಪು ಟೇಪು. ಸಿಲಿಂಡರ್ ಒಂದು ಅರೆಬರೆ ಉರಿಯುತ್ತ, ಕನ್ವರ್ಟರ್ ಕರಗುತ್ತ, ಥರ್ಮೋಸ್ಟಾಟ್ ಇಲ್ಲದೆ, ಇನ್ನೇನು ಹೋಗುವ ಗಾಡಿ ಎಂಬ ತಾತ್ಸಾರದಲ್ಲಿ ಅದು ಈ ಊರಿನ ಗಾಳಿಗೆ ತನ್ನ ಕೊನೆಯ ಕಾಣಿಕೆ ಸಲ್ಲಿಸುತ್ತದೆ. ಪಿಕಪ್ ಹೋದಾಗ ಮಾಲೀಕರು ಕೊಳ್ಳುವುದು ಎರಡೂವರೆ ಸಾವಿರದ ಸದ್ದು. ಹದಿನೈದು ಸಾವಿರದ ರಿಪೇರಿ ಅವರಿಗೆ ಪವರನ್ನೂ ಕೊಡುತ್ತಿತ್ತು, ನಮಗೆ ಕಡಿಮೆ ಹೊಗೆಯನ್ನೂ ಕೊಡುತ್ತಿತ್ತು. ಅದು ಲುಕ್ಸಾನಿನ ಬಾಬತ್ತಾಗುವಂತೆ ನಿಯಮ ಮಾಡಿಟ್ಟಿದ್ದೇವೆ.

ಹಳೆಯ ಕಾರು ಹೆಚ್ಚು ಹೊಗೆಯುಗುಳುವುದು ನಿಜವಲ್ಲವೆ ಎಂದು ಕೇಳುವವರಿಗೆ: ನಿಜ. ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಕಾರನ್ನು ದಿನವೂ ಈ ಊರಲ್ಲಿ ಓಡಿಸಬೇಕೆಂದು ನಾನು ವಾದಿಸುವುದಿಲ್ಲ. ಎಷ್ಟೇ ಟ್ಯೂನ್ ಮಾಡಿದರೂ ಅದು ಬಿಎಸ್-6 ಆಗುವುದಿಲ್ಲ. ನವೆಂಬರಿನಲ್ಲಿ ಇಲ್ಲಿ ಮಕ್ಕಳಿಗೆ ನೆಬ್ಯುಲೈಜರ್ ಹಿಡಿದವರ ಮುಂದೆ ವಿಂಟೇಜ್ ಪ್ರೀತಿಯ ಮಾತಾಡಲು ನನಗೆ ನಾಲಿಗೆ ಬಾರದು. ಆದರೆ 2005ರ ಏಪ್ರಿಲ್‌ನಲ್ಲಿ ಬಿಎಸ್-3, 2010ರ ಏಪ್ರಿಲ್‌ನಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಎಂದು ಈ ವಲಯದ ಕಾರುಗಳು ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿವೆ. ಎಲ್ಲಕ್ಕೂ ಒಂದೇ ಹದಿನೈದು ಎಂದದ್ದು ಯಾವ ವಿಜ್ಞಾನ? ಮೂರು ಲಕ್ಷ ಕಿಲೋಮೀಟರ್ ಓಡಿದ ಎಂಟು ವರ್ಷದ ಕ್ಯಾಬು ಕಿರಿಯ, ವಾರಕ್ಕೊಮ್ಮೆ ತರಕಾರಿಗೆ ಹೋಗುವ ನಿವೃತ್ತ ಮೇಷ್ಟರ ಹದಿನಾರರ ಕಾರು ಮುದಿ. ಡಿಸೆಂಬರಿನ ಆದೇಶ ವಯಸ್ಸಿನಿಂದ ಬಿಎಸ್ ಅಂಕಕ್ಕೆ ಜರುಗಿದ್ದು ಒಂದು ಹೆಜ್ಜೆ ವಾಸಿ. ಅದೂ ಕಾರ್ಖಾನೆ ಕೊಟ್ಟ ಜಾತಕವನ್ನೇ ಓದುತ್ತದೆ, ಕನ್ವರ್ಟರ್ ಕಿತ್ತ ಬಿಎಸ್-4 ಕಾರಿನ ಬಾಲಕ್ಕೆ ಮೂಗು ಹಿಡಿಯುವುದಿಲ್ಲ.

ಮೂಗು ಹಿಡಿಯಬೇಕಾದದ್ದು ಪಿಯುಸಿ. ಅದರ ಗತಿ ಮಹಾಲೇಖಪಾಲರ ವರದಿಯಲ್ಲಿದೆ, 2025ರ ಏಪ್ರಿಲ್‌ನಲ್ಲಿ ದೆಹಲಿ ವಿಧಾನಸಭೆಯ ಮುಂದೆ ಬಂದದ್ದು. 2015ರಿಂದ 2020ರ ನಡುವೆ ಪರೀಕ್ಷೆಗೊಳಗಾದ 65.36 ಲಕ್ಷ ಪೆಟ್ರೋಲ್, ಸಿಎನ್‌ಜಿ, ಎಲ್‌ಪಿಜಿ ವಾಹನಗಳಲ್ಲಿ 1.08 ಲಕ್ಷ ವಾಹನಗಳಿಗೆ, ಮಿತಿ ಮೀರಿದ ಅಂಕ ಬಂದಿದ್ದರೂ, ಪಾಸು ಪತ್ರ ಕೊಟ್ಟಿದ್ದರು. ಡೀಸೆಲ್ ಪರೀಕ್ಷೆಗಳಲ್ಲಿ ಸುಮಾರು ಕಾಲುಭಾಗಕ್ಕೆ ಅಂಕವನ್ನೇ ದಾಖಲಿಸಿರಲಿಲ್ಲ. ಅಂಕ ಸರಿಯಾಗಿ ಬರೆದರೂ ಪೆಟ್ರೋಲ್ ಕಾರಿನ ಪರೀಕ್ಷೆ ನಡೆಯುವುದು ನಿಂತಲ್ಲೇ ಗುರುಗುಟ್ಟುವಾಗ. ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಕುರ್ಚಿಯಲ್ಲಿ ಕೂರಿಸಿ ನಾಡಿ ನೋಡಿ ಓಟಗಾರರನ್ನು ಆರಿಸಿದ ಹಾಗೆ.

ಬೇರೆ ದಾರಿ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಹೊಗೆ ತುಂಬಿದ ಪಟ್ಟಣಗಳಲ್ಲಿ 1976ರಿಂದ 1999ರ ಮಾಡೆಲಿನ ಕಾರುಗಳನ್ನು ರೋಲರ್ ಮೇಲೆ ಹತ್ತಿಸಿ, ಚಕ್ರಕ್ಕೆ ಹೊರೆ ಕೊಟ್ಟು ಓಡಿಸುತ್ತಲೇ ಮೂಗು ಹಿಡಿಯುತ್ತಾರೆ. ಸಾರಜನಕದ ಆಕ್ಸೈಡೂ ಆಗ ಸಿಕ್ಕಿಬೀಳುತ್ತದೆ. ಪಾಸಾದರೆ ವಯಸ್ಸು ಕೇಳುವುದಿಲ್ಲ, ನಪಾಸಾದರೆ ರಿಪೇರಿ ಮಾಡಿಸಿ ಬನ್ನಿ ಎನ್ನುತ್ತಾರೆ. ಜಪಾನಿನಲ್ಲಿ ಎರಡು ವರ್ಷಕ್ಕೊಮ್ಮೆ ಎಂಥ ಕಾರಿಗೂ ಕಠಿಣ ತಪಾಸಣೆ. ಚಕ್ರಕ್ಕೆ ಹೊರೆ ಕೊಡುವ ಅಂಥದೇ ರೋಲರ್ ಎಂಜಿನ್ನಿನ ಪವರನ್ನೂ ಅಳೆಯಬಲ್ಲದು. ಸರ್ಕಾರ ಕ್ಯಾಮೆರಾಗಳಿಗೆ ಹಾಕಿದ ದುಡ್ಡಿನಲ್ಲಿ ಇಂಥವನ್ನು ಊರಿನ ನಾಲ್ಕು ಮೂಲೆಗೆ ಇಟ್ಟು, ಒಂದೇ ಚೀಟಿಯಲ್ಲಿ ಹೊಗೆ ಇಷ್ಟು, ಪವರ್ ಇಷ್ಟು, ಕಾರ್ಖಾನೆಯಿಂದ ಬಂದಾಗ ಇದ್ದದ್ದು ಇಷ್ಟು ಎಂದು ಬರೆದುಕೊಡಲಿ. 85 ಇದ್ದ ಕಾರು 62 ತೋರಿಸಿದ ದಿನ ಮಾಲೀಕರು ತಾವಾಗಿಯೇ ಹೆಡ್ ಬಿಚ್ಚಿಸುತ್ತಾರೆ. ಬಾಟಲಿ ಮಾರುವವರಿಗೆ ಅದರಷ್ಟು ಕೆಟ್ಟ ಸುದ್ದಿ ಇನ್ನೊಂದಿರಲಾರದು, 'ವರೆಗೆ' ಎಂಬ ಪ್ರತ್ಯಯಕ್ಕೆ ರೋಲರಿನ ಚೀಟಿಯಲ್ಲಿ ಜಾಗವಿಲ್ಲ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಇದರಲ್ಲಿ ಪಾಲಿದೆ. ಇಲ್ಲಿ ದಿನಾಂಕ ಹತ್ತಿರ ಬಂದ ಕಾರು ಅಗ್ಗವಾಗುತ್ತದೆ, ಅನುಮತಿ ಪತ್ರ ಮಾಡಿಸಿಕೊಂಡು ಬೇರೆ ರಾಜ್ಯಗಳಿಗೆ ಹೊರಡುತ್ತದೆ. 'ಡಿಎಲ್ ಗಾಡಿ, ಒಳ್ಳೆ ಕಂಡಿಷನ್' ಎಂದು ನಿಮ್ಮೂರಿನ ಏಜೆಂಟರು ಹೇಳುವಾಗ ಅದರ ಕೊನೆಯ ನಾಲ್ಕು ವರ್ಷ ಹೇಗೆ ಕಳೆದಿದ್ದೀತು ಎಂಬುದು ಈಗ ನಿಮಗೆ ಗೊತ್ತು. ಅದು ಬೆಂಗಳೂರು ತಲುಪಿದ ಮೇಲೆ ಇನ್ನೊಂದು ಪೆಟ್ಟು. ದೆಹಲಿ ಸಮುದ್ರಮಟ್ಟದಿಂದ 216 ಮೀಟರಿನ ಆಸುಪಾಸು, ಬೆಂಗಳೂರು 900ಕ್ಕೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಶೇಕಡಾ 8ರಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ ಪವರೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಅದು ರೋಗವಲ್ಲ, ಊರಿನ ಎತ್ತರ. ಅದಕ್ಕೆ ಜೆ.ಸಿ. ರೋಡಿನಲ್ಲಿ ಔಷಧಿ ಕೊಳ್ಳಬೇಡಿ.

ಕೊಳ್ಳುವ ಮುಂಚೆ ಡಿಕ್ಕಿಯ ಕಾರ್ಪೆಟ್ ಎತ್ತಿ ಬೋಲ್ಟಿನ ತೂತುಗಳಿವೆಯೇ ನೋಡಿ. ಕಾರಿನ ಕೆಳಗೆ ಬಗ್ಗಿ ಕನ್ವರ್ಟರಿನ ಡೊಳ್ಳು ಇರಬೇಕಾದಲ್ಲಿ ಹೊಸ ವೆಲ್ಡಿಂಗ್ ಇದೆಯೇ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ಹೈವೇಯಲ್ಲೂ ಬಿಸಿಯ ಮುಳ್ಳು ಅರ್ಧಕ್ಕೆ ಏರದಿದ್ದರೆ ಥರ್ಮೋಸ್ಟಾಟ್ ಯಾರದೋ ಕಸದ ಬುಟ್ಟಿಯಲ್ಲಿದೆ. ಆಮೇಲೆ ನಿಮ್ಮ ಮೆಕ್ಯಾನಿಕ್ಕಿಗೆ ಗೇಜು ತರಲು ಹೇಳಿ, ನಾಲ್ಕು ಸಿಲಿಂಡರಿನ ನಾಲ್ಕು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆಸಿ. ಪ್ಲಗ್ ಬಿಚ್ಚಿ ಅಳೆಯಲು ಅರ್ಧ ಗಂಟೆ ಸಾಕು. ಬಿಚ್ಚಲು ಬಿಡದ ಏಜೆಂಟರು 'ಸರ್, ಒಂದು ರೌಂಡು ಓಡ್ಸಿ ನೋಡಿ, ಪಿಕಪ್ ರಾಕೆಟ್ಟು' ಎಂದು ಕೀ ಚಾಚಿದರೆ, ಕೀ ವಾಪಸ್ ಕೊಟ್ಟು ಮುಂದಿನ ಕಾರು ನೋಡಿ.